ಬ್ಯಾಸ್ ಮೀನಿಗೆ ಯಾವ ಬಣ್ಣದ ಲೂರ್? ಬಣ್ಣ ಆಮೇಲೆ, ಮೊದಲು ನೀರು ನೋಡಿ!

"ಕೆಂಪು ಕೊಕ್ಕೆ ಹಾಕಿ, ರಕ್ತ ಸೋರುವ ಮೀನು ಅಂದುಕೊಂಡು ಬ್ಯಾಸ್ ಓಡಿ ಬರುತ್ತದೆ."

"ಬಿಸಿಲಿದ್ದರೆ ಹೊಳೆಯುವ ಲೂರ್, ಮೋಡ ಇದ್ದರೆ ಕಪ್ಪು ಲೂರ್. ಇಷ್ಟು ಗೊತ್ತಿದ್ದರೆ ಸಾಕು."

"ಮೀನಿಗೆ ಮೂರೇ ಸೆಕೆಂಡ್ ನೆನಪು. ಅದೇ ಲೂರನ್ನು ಎಸೆಯುತ್ತಲೇ ಇರಿ."

"ಈ ಒಂದು ಲೂರ್ ಇದ್ದರೆ ಯಾವ ಕೆರೆಯಲ್ಲಾದರೂ ಗ್ಯಾರಂಟಿ!"

ಅಮೆರಿಕದಲ್ಲಿ ಗಾಳ ಹಾಕುವವರ ನಡುವೆ ಇಂಥ ಮಾತುಗಳು ಮೊದಲಿನಿಂದಲೂ ಇವೆ. ಈಗ ಅವು ರೀಲ್ಸ್ ಆಗಿ, ಫಾರ್ವರ್ಡ್ ಆಗಿ ಓಡಾಡುತ್ತವೆ. ಟೆಕ್ಸಾಸ್, ಮಿಷಿಗನ್, ಫ್ಲಾರಿಡಾ ಕಡೆ ನೆಲೆಸಿರುವ ನಮ್ಮವರ ಫೋನಿಗೂ ಬರುತ್ತವೆ, ಅಲ್ಲಿಂದ ಮನೆಯವರ ಗ್ರೂಪಿಗೂ ಬರುತ್ತವೆ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಯಾವ ಲೂರ್ ಎನ್ನುವುದನ್ನು ತೀರ್ಮಾನಿಸುವುದು ನೀರು: ಮೀನು ಎಷ್ಟು ಆಳದಲ್ಲಿದೆ, ನೀರು ಎಷ್ಟು ತಿಳಿಯಾಗಿದೆ, ಅಲ್ಲಿ ಕಳೆ ಎಷ್ಟಿದೆ, ನೀರು ಎಷ್ಟು ಬೆಚ್ಚಗಿದೆ. ಈ ನಾಲ್ಕು ಪ್ರಶ್ನೆ ಮುಗಿದ ಮೇಲೆ ಬಣ್ಣದ ಸರದಿ. ಎಲ್ಲ ಕಡೆ ನಡೆಯುವ ಗ್ಯಾರಂಟಿ ಲೂರ್ ಎಂಬುದಿಲ್ಲ.

ಬ್ಯಾಸ್ ಎಂದರೆ ಯಾವ ಮೀನು? ಲೂರ್ ಎಂದರೇನು?

ಇಲ್ಲಿ ಹೇಳುತ್ತಿರುವುದು ಲಾರ್ಜ್‌ಮೌತ್ ಬ್ಯಾಸ್ ಬಗ್ಗೆ. ಹೆಸರೇ ಹೇಳುವಂತೆ ಅಗಲ ಬಾಯಿಯ, ಹಸಿರು ಮೈಯ ಸಿಹಿನೀರಿನ ಮೀನು. ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯಭಾಗ ಇದರ ತವರು. ನಮ್ಮ ಹೋಟೆಲ್ ಮೆನುವಿನಲ್ಲಿ ಕಾಣುವ 'ಸೀ ಬಾಸ್' ಬೇರೆಯೇ ಮೀನು.

ಬ್ಯಾಸ್ ಬೇಟೆಗಾರ. ಚಿಕ್ಕ ಮೀನು, ಕಪ್ಪೆ, ಸಿಗಡಿಯಂಥ ಕ್ರೇಫಿಷ್ ಎಲ್ಲವನ್ನೂ ನುಂಗುತ್ತದೆ. ಕಳೆಯ ನೆರಳಿನಲ್ಲೋ ಮುಳುಗಿದ ಮರದ ಪಕ್ಕದಲ್ಲೋ ಹೊಂಚು ಹಾಕಿ ಕೂತು, ಹತ್ತಿರ ಬಂದದ್ದರ ಮೇಲೆ ನುಗ್ಗುತ್ತದೆ.

ನಮ್ಮಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಾರಲ್ಲ, ಅದರ ಬದಲು ಕಟ್ಟುವ ಕೃತಕ ಎರೆಯೇ ಲೂರ್. ಮರ, ಪ್ಲಾಸ್ಟಿಕ್, ಲೋಹ, ರಬ್ಬರಿನಂಥ ಮೆತ್ತನೆ ವಸ್ತು, ಹೀಗೆ ಹಲವು ಬಗೆ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಬೆಂಡಿನಿಂದ ಮೀನಿನ ಆಕಾರ ಕೆತ್ತಿ, ಚಾಕೊಲೇಟ್ ಸುತ್ತುವ ಹೊಳೆಯುವ ಹಾಳೆ ಅಂಟಿಸಿ ತಮ್ಮ ಮೊದಲ ಲೂರ್ ಮಾಡಿದ್ದರು. ಅಮೆರಿಕದ ಒಹಾಯೊದಲ್ಲಿ ನಿಕ್ ಕ್ರೀಮ್ 1949ರಲ್ಲಿ ಮೆತ್ತನೆ ಪ್ಲಾಸ್ಟಿಕ್ ಹುಳು ತಯಾರಿಸಿದರು. ಇವತ್ತು ಅಂಗಡಿಯ ಗೋಡೆ ತುಂಬ ನೂರಾರು ಬಗೆ ನೇತಾಡುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿ.

ಬ್ಯಾಸ್‌ಗೆ ಲೂರ್ ಗೊತ್ತಾಗುವುದು ಹೇಗೆ?

ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಕಣ್ಣು. ನೀರು ತಿಳಿಯಾಗಿದ್ದರೆ ಬ್ಯಾಸ್ ಮುಖ್ಯವಾಗಿ ನೋಡಿಯೇ ಬೇಟೆಯಾಡುತ್ತದೆ.

ಎರಡನೆಯದು ಪಾರ್ಶ್ವರೇಖೆ. ಮೀನಿನ ಪಕ್ಕೆಯ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ. ಅಲ್ಲಿರುವ ಸೂಕ್ಷ್ಮ ಕೋಶಗಳು ನೀರಿನ ಅಲುಗಾಟವನ್ನು ಗ್ರಹಿಸುತ್ತವೆ. ಪಕ್ಕದಲ್ಲಿ ಬಾಲ ಬಡಿಯುತ್ತ ಹೋಗುವ ಮೀನು ಕಣ್ಣಿಗೆ ಕಾಣದಿದ್ದರೂ ಮೈಗೆ ಗೊತ್ತಾಗುತ್ತದೆ. ಆದರೆ ಇದು ಹತ್ತಿರದ ಅಲುಗಾಟಕ್ಕೆ ಮಾತ್ರ. ದೂರದ್ದು ಇದಕ್ಕೆ ಸಿಗದು.

ಮೂರನೆಯದು ಕಿವಿ. ಹೊರಗೆ ಕಾಣದಿದ್ದರೂ ಮೀನಿಗೆ ಒಳಕಿವಿ ಇದೆ. ನೀರಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಲೂರ್ ಒಳಗೆ ಗುಂಡು ಹಾಕಿ ಗಿಲಕಿಯಂತೆ ಸದ್ದು ಬರುವ ಹಾಗೆ ಮಾಡುವುದು ಇದಕ್ಕೇ.

ಈ ಮೂರರಲ್ಲಿ ಯಾವುದು ಇವತ್ತು ಈ ನೀರಿನಲ್ಲಿ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಧ ಆಯ್ಕೆ ಮುಗಿದಂತೆ.

ಪ್ರಶ್ನೆ 1: ಮೀನು ಎಷ್ಟು ಆಳದಲ್ಲಿದೆ?

ಎಷ್ಟೇ ಚೆಂದದ ಲೂರ್ ಆದರೂ ಮೀನಿಲ್ಲದ ಆಳದಲ್ಲಿ ಎಳೆದರೆ ವ್ಯರ್ಥ.

ಬೇಸಿಗೆಯಲ್ಲಿ ಆಳದ ಸರೋವರಗಳ ನೀರು ಪದರ ಪದರವಾಗಿ ನಿಲ್ಲುತ್ತದೆ. ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಇವೆರಡರ ನಡುವೆ ಉಷ್ಣತೆ ಸರ್ರನೆ ಇಳಿಯುವ ಒಂದು ಪದರ ಇರುತ್ತದೆ. ಅದಕ್ಕೆ ಥರ್ಮೋಕ್ಲೈನ್ ಎನ್ನುತ್ತಾರೆ. ಕೆಳಗಿನ ನೀರಿಗೆ ಹೊರಗಿನ ಗಾಳಿ ತಾಗುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿದ್ದ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಪೋಷಕಾಂಶ ಹೆಚ್ಚಿರುವ ಸರೋವರಗಳಲ್ಲಿ ಬೇಸಿಗೆಯ ಹೊತ್ತಿಗೆ ಆ ಪದರದ ಕೆಳಗೆ ಮೀನಿಗೆ ಉಸಿರಾಟವೇ ಕಷ್ಟ.

ಹಾಗಾಗಿ "ಬೇಸಿಗೆಯಲ್ಲಿ ಮೀನು ತಳಕ್ಕೆ ಹೋಗುತ್ತದೆ, ಎಷ್ಟು ಆಳಕ್ಕೆ ಬಿಟ್ಟರೆ ಅಷ್ಟು ಒಳ್ಳೆಯದು" ಎಂಬ ಮಾತು ಅರ್ಧ ಮಾತ್ರ ನಿಜ. ತಂಪು ಹುಡುಕಿ ಕೆಳಗೆ ಹೋಗುವುದು ಹೌದು. ಆದರೆ ಥರ್ಮೋಕ್ಲೈನ್ ದಾಟಿ ಹೋಗುವುದು ಕಡಿಮೆ. ದೋಣಿಯಲ್ಲಿರುವ ಸೋನಾರ್ ಯಂತ್ರದಲ್ಲಿ ಈ ಪದರ ಮಸುಕಾದ ಗೆರೆಯಂತೆ ಕಾಣುತ್ತದೆ. ಲೂರ್ ಅದರ ಮೇಲೆಯೇ ಓಡಾಡಬೇಕು.

ಎಲ್ಲ ಸರೋವರಕ್ಕೂ ಇದು ಅನ್ವಯಿಸುವುದಿಲ್ಲ. ಫ್ಲಾರಿಡಾದ ಒಕೀಚೋಬಿ ಸರೋವರ ಬಹಳ ವಿಶಾಲ, ಆದರೆ ಸರಾಸರಿ ಆಳ 3 ಮೀಟರ್ ಕೂಡ ಇಲ್ಲ. ಗಾಳಿ ಬೀಸಿದರೆ ಮೇಲಿನ ನೀರು, ಕೆಳಗಿನ ನೀರು ಒಂದಾಗುತ್ತವೆ. ಅಲ್ಲಿ ಆಳದ ಲೂರ್ ಕೊಂಡರೆ ಅದು ಕೆಸರು ಕೆದಕೀತು ಅಷ್ಟೆ.

ಲೂರ್ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ತಿಳಿಯುವುದು ಸುಲಭ. ಕ್ರ್ಯಾಂಕ್‌ಬೈಟ್ ಎಂಬ ಮೀನಿನಾಕಾರದ ಲೂರ್‌ನ ಮೂತಿಯಲ್ಲಿ ನಾಲಿಗೆಯಂಥ ಒಂದು ಪಟ್ಟಿ ಇರುತ್ತದೆ. ಪಟ್ಟಿ ಉದ್ದವಿದ್ದರೆ ಆಳಕ್ಕೆ ಧುಮುಕುತ್ತದೆ, ಗಿಡ್ಡವಿದ್ದರೆ ಮೇಲೆಯೇ ಓಡುತ್ತದೆ. ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಆಳವನ್ನು ಬರೆದಿರುತ್ತಾರೆ. ಬಣ್ಣ ನೋಡುವ ಮುಂಚೆ ಅದನ್ನು ಓದಿ.

ಪ್ರಶ್ನೆ 2: ನೀರು ತಿಳಿಯೋ, ಕದಡಿದೆಯೋ?

ಇದನ್ನು ಅಳೆಯಲು ದುಡ್ಡು ಬೇಕಿಲ್ಲ. ಬಿಳಿ ಬಣ್ಣದ ಲೂರನ್ನು ನೆರಳಿರುವ ಕಡೆ ನಿಧಾನವಾಗಿ ನೀರಿಗೆ ಇಳಿಸಿ. ಎಷ್ಟು ಆಳದಲ್ಲಿ ಕಣ್ಮರೆಯಾಯಿತು ನೋಡಿ. ವಿಜ್ಞಾನಿಗಳೂ ಹೀಗೆಯೇ ಅಳೆಯುತ್ತಾರೆ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಬಿಲ್ಲೆ ಇಳಿಸಿ ಅಳೆಯುವ ಈ ವಿಧಾನ ರೂಪಿಸಿದರು. ಇವತ್ತಿಗೂ ಅದು ಸೆಕ್ಕಿ ಬಿಲ್ಲೆ ಎಂದೇ ಬಳಕೆಯಲ್ಲಿದೆ.

ಒಂದೂವರೆ ಮೀಟರಿಗಿಂತ ಕೆಳಗೂ ಕಂಡರೆ ನೀರು ತಿಳಿ ಎನ್ನಬಹುದು. ಅರ್ಧ ಮೀಟರಿನೊಳಗೇ ಮಾಯವಾದರೆ ಕದಡಿದ ನೀರು. ನಡುವಿನದು ಮಬ್ಬು ನೀರು. ಇದು ಅಂದಾಜು ಲೆಕ್ಕ.

ತಿಳಿ ನೀರಿನಲ್ಲಿ ಬ್ಯಾಸ್ ದೂರದಿಂದಲೇ ನೋಡುತ್ತದೆ. ಅನುಮಾನ ಪಡಲು ಅದಕ್ಕೆ ಸಮಯವೂ ಸಿಗುತ್ತದೆ. ಆದ್ದರಿಂದ ಅಲ್ಲಿನ ಚಿಕ್ಕ ಮೀನುಗಳನ್ನೇ ಹೋಲುವ ಸಹಜ ಬಣ್ಣ, ಚಿಕ್ಕ ಗಾತ್ರ, ತೆಳು ದಾರ, ಕಡಿಮೆ ಸದ್ದು ಒಳ್ಳೆಯದು. ದೋಣಿಯಿಂದ ದೂರಕ್ಕೆ ಎಸೆಯಬೇಕು.

ಕದಡಿದ ನೀರಿನಲ್ಲಿ ಕಣ್ಣಿನ ಕೆಲಸ ಕಡಿಮೆ. ಅಲ್ಲಿ ಮೈಗೆ ತಾಗುವ ಅಲುಗಾಟ ಮತ್ತು ಸದ್ದು ಬೇಕು. ಲೋಹದ ಅಲಗು ಗಿರಗಿರನೆ ತಿರುಗುವ ಸ್ಪಿನ್ನರ್‌ಬೈಟ್, ಒಳಗೆ ಗುಂಡಿರುವ ಕ್ರ್ಯಾಂಕ್‌ಬೈಟ್, ಅಗಲ ಬಾಲದ ದಪ್ಪ ಪ್ಲಾಸ್ಟಿಕ್ ಹುಳು ಇಂಥವು ಸರಿ. ಲೂರ್ ದೊಡ್ಡದಿರಲಿ, ನೆರಳಿನಂತೆ ಎದ್ದು ಕಾಣುವ ಗಾಢ ಬಣ್ಣವಿರಲಿ. ನಿಧಾನವಾಗಿ ಎಳೆಯಿರಿ. ಪಾರ್ಶ್ವರೇಖೆ ಹತ್ತಿರದ್ದನ್ನು ಮಾತ್ರ ಗ್ರಹಿಸುವುದರಿಂದ ಮೀನು ಅಡಗಿರುವ ಮರ, ಬಂಡೆಗಳ ಪಕ್ಕಕ್ಕೇ ಎಸೆಯಬೇಕು.

ಒಂದು ಸರೋವರದ ನೀರು ಎಂದಿಗೂ ಹಾಗೆಯೇ ಇರುತ್ತದೆ ಎಂದೂ ಇಲ್ಲ. ಮಿಷಿಗನ್ ಮತ್ತು ಕೆನಡಾದ ನಡುವೆ ಇರುವ ಸೇಂಟ್ ಕ್ಲೇರ್ ಸರೋವರದಲ್ಲಿ 1988ರಲ್ಲಿ ಜೀಬ್ರಾ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಪತ್ತೆಯಾಯಿತು. ಹಡಗುಗಳ ನೀರಿನೊಂದಿಗೆ ಬಂದು ಸೇರಿಕೊಂಡದ್ದು. ಇವು ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿ ತಿನ್ನುತ್ತವೆ. ಮುಂದಿನ ವರ್ಷಗಳಲ್ಲಿ ಅಲ್ಲಿನ ನೀರು ತಿಳಿಯಾಯಿತು, ಬಿಸಿಲು ತಳ ಮುಟ್ಟಿ ಜಲಸಸ್ಯ ಹೆಚ್ಚಾಯಿತು. ಹಿಂದೆ ಮಬ್ಬು ನೀರಿಗೆ ಹೊಂದುತ್ತಿದ್ದ ಸಲಹೆ ಈಗ ಅದೇ ಸರೋವರಕ್ಕೆ ಹೊಂದುವುದಿಲ್ಲ. ಹಳೆಯ ಫಾರ್ವರ್ಡ್ ನಂಬುವ ಮುಂಚೆ ಇದು ನೆನಪಿರಲಿ.

ಪ್ರಶ್ನೆ 3: ಕಳೆ, ಜೊಂಡು, ಮರ ಎಷ್ಟಿವೆ?

ಬ್ಯಾಸ್ ಇರುವುದೇ ಇವುಗಳ ನಡುವೆ. ಕೊಕ್ಕೆ ಸಿಕ್ಕಿಕೊಳ್ಳುವುದೂ ಅಲ್ಲೇ.

ನೀರಿನ ಮೇಲೆ ಎಲೆಗಳು ಚಾಪೆಯಂತೆ ಹರಡಿದ್ದರೆ ಕಪ್ಪೆ ಲೂರ್ ಬಳಸಿ. ಒಳಗೆ ಟೊಳ್ಳಾದ ಮೆತ್ತನೆ ಕಪ್ಪೆ ಅದು. ಕೊಕ್ಕೆಯ ಮೊನೆ ಬೆನ್ನಿಗೆ ಅಂಟಿಕೊಂಡಿರುತ್ತದೆ, ಮೀನು ಕಚ್ಚಿ ಒತ್ತಿದಾಗ ಮಾತ್ರ ಹೊರಬರುತ್ತದೆ. ನಮ್ಮ ಕಡೆ ಮುರ್ರೆಲ್ ಮೀನಿಗೆ ಗಾಳ ಹಾಕುವವರ ಡಬ್ಬಿಯಲ್ಲೂ ಈ ಕಪ್ಪೆ ಇರುತ್ತದೆ.

ನೀರೊಳಗೆ ಕಳೆಯೋ ಮರದ ಕೊಂಬೆಯೋ ಇದ್ದರೆ 'ಟೆಕ್ಸಾಸ್ ರಿಗ್' ಸರಿ. ಪ್ಲಾಸ್ಟಿಕ್ ಹುಳುವಿನ ಮೈಯೊಳಗೇ ಕೊಕ್ಕೆಯ ಮೊನೆ ಹುದುಗಿಸಿ, ಮುಂದೆ ಗುಂಡಿನಾಕಾರದ ತೂಕ ಕಟ್ಟುವ ವಿಧಾನ ಇದು. ಡಲ್ಲಾಸ್‌ನ ಪೂರ್ವಕ್ಕಿರುವ ಲೇಕ್ ಫೋರ್ಕ್ ಜಲಾಶಯದಲ್ಲಿ ಮುಳುಗಿದ ಮರಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಮೂರು ಮೊನೆಯ ಕೊಕ್ಕೆಗಳು ಬಿಚ್ಚಿಕೊಂಡಿರುವ ಲೂರನ್ನು ಅಂಥ ಕಡೆ ಎಸೆದರೆ ಮೀನಿಗಿಂತ ಮೊದಲು ಮರ ಸಿಗುತ್ತದೆ.

ಪ್ರಶ್ನೆ 4: ನೀರು ಎಷ್ಟು ಬೆಚ್ಚಗಿದೆ?

ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಹಸಿವೂ ಓಡಾಟವೂ ಇಳಿಯುತ್ತವೆ.

ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬ್ಯಾಸ್ ದೂರ ಬೆನ್ನಟ್ಟುವುದಿಲ್ಲ. ಮೂತಿಯ ಮುಂದೆ ಬಂದದ್ದನ್ನು ಮಾತ್ರ ಕಚ್ಚೀತು. ತಳದಲ್ಲಿ ನಿಧಾನವಾಗಿ ಎಳೆಯುವ ಜಿಗ್ ಅಥವಾ ಎಳೆದು ನಿಲ್ಲಿಸಿ ಕಾಯುವ ಜರ್ಕ್‌ಬೈಟ್ ಆಗ ಸೂಕ್ತ. ನಿಲ್ಲಿಸಿದ ಹೊತ್ತಿನಲ್ಲೇ ಮೀನು ಕಚ್ಚುವುದು ಹೆಚ್ಚು.

20 ಡಿಗ್ರಿ ದಾಟಿದರೆ ಮೀನು ಚುರುಕು. ವೇಗವಾಗಿ ಎಳೆಯುವ ಲೂರ್‌ಗಳು ನಡೆಯುತ್ತವೆ. ಬೇಸಿಗೆಯ ಬೆಳಗಿನ ಜಾವ, ಸಂಜೆ ಹೊತ್ತು ನೀರಿನ ಮೇಲೆಯೇ ಸದ್ದು ಮಾಡುತ್ತ ತೇಲುವ ಲೂರ್‌ಗೂ ಏಳುತ್ತದೆ.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ?

ಇದೆ. ಆದರೆ ಅಂಗಡಿಯ ಬೆಳಕಿನಲ್ಲಿ ನಮಗೆ ಕಾಣುವ ಬಣ್ಣವೇ ಮೀನಿಗೂ ಕಾಣುವುದಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಈ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಲಾರ್ಜ್‌ಮೌತ್ ಬ್ಯಾಸ್ ಕಣ್ಣಿನಲ್ಲಿ ಇರುವುದು ಎರಡೇ ಬಗೆ, ಒಂದು ಹಸಿರಿಗೆ, ಇನ್ನೊಂದು ಕೆಂಪಿಗೆ ಸ್ಪಂದಿಸುತ್ತದೆ. ನಿರ್ದಿಷ್ಟ ಬಣ್ಣ ಆರಿಸಿದರೆ ತಿಂಡಿ ಎಂದು ಮೀನುಗಳಿಗೆ ಅಭ್ಯಾಸ ಮಾಡಿಸಿ ಪರೀಕ್ಷಿಸಿದರು. ಕೆಂಪು ಮತ್ತು ಹಸಿರನ್ನು ಅವು ಚೆನ್ನಾಗಿ ಗುರುತಿಸಿದವು. ಆದರೆ ಕಣ್ಣು ಕುಕ್ಕುವ ಹಸಿರುಮಿಶ್ರಿತ ಹಳದಿಗೂ ಬಿಳಿಗೂ ಗೊಂದಲ ಮಾಡಿಕೊಂಡವು. ನೀಲಿಗೂ ಕಪ್ಪಿಗೂ ಹಾಗೆಯೇ.

ಅಂದರೆ "ನೀಲಿ ಲೂರ್ ಒಳ್ಳೆಯದೋ ಕಪ್ಪೋ" ಎಂದು ಗ್ರೂಪಿನಲ್ಲಿ ಜಗಳ ಆಡುವವರು ಸ್ವಲ್ಪ ಉಸಿರು ಉಳಿಸಿಕೊಳ್ಳಬಹುದು.

ಈ ಪರೀಕ್ಷೆ ಇನ್ನೊಂದು ಮಾತನ್ನೂ ಸುಳ್ಳು ಮಾಡುತ್ತದೆ. ಮೀನಿಗೆ ಮೂರೇ ಸೆಕೆಂಡ್ ನೆನಪಿದ್ದರೆ ಯಾವ ಬಣ್ಣಕ್ಕೆ ತಿಂಡಿ ಎಂದು ಕಲಿಸಲು ಆಗುತ್ತಲೇ ಇರಲಿಲ್ಲ.

ಕೆಂಪು ಕೊಕ್ಕೆಯ ಕತೆ ಏನು? ಬ್ಯಾಸ್‌ಗೆ ಕೆಂಪು ಕಾಣುತ್ತದೆ, ನಿಜ. ಆದರೆ ತಿಳಿ ನೀರು ಮೊದಲು ಹೀರಿಕೊಳ್ಳುವುದೇ ಕೆಂಪು ಬೆಳಕನ್ನು. ಆಳಕ್ಕೆ ಹೋದಂತೆ ಕೆಂಪು ಬಣ್ಣ ಮಂಕಾಗಿ, ಕೊನೆಗೆ ಕಪ್ಪು ಬೂದಿಯಂತೆ ಕಾಣುತ್ತದೆ. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಇದು ತಿರುಗುಮುರುಗು. ಅಲ್ಲಿ ನೀಲಿ ಬೆಳಕು ಮೊದಲು ಮಾಯ, ಕೆಂಪು ಮತ್ತು ಕಿತ್ತಳೆ ಹೆಚ್ಚು ಆಳ ತಲುಪುತ್ತವೆ. ಹಾಗಾಗಿ ಕೆಂಪು ಕೆಲವು ನೀರಿನಲ್ಲಿ ಎದ್ದು ಕಾಣುತ್ತದೆ, ಕೆಲವು ನೀರಿನಲ್ಲಿ ಕಾಣುವುದೇ ಇಲ್ಲ. ಎಲ್ಲ ಕಡೆ ಅದನ್ನು ರಕ್ತ ಎಂದುಕೊಂಡು ಓಡಿ ಬರುತ್ತದೆ ಎನ್ನಲಾಗದು.

ಬಿಸಿಲಿಗೆ ಹೊಳಪು, ಮೋಡಕ್ಕೆ ಕಪ್ಪು ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹೊಳೆಯುವ ಲೂರ್ ಮಿಂಚಲು ಬೆಳಕು ಬೇಕು. ಮಂಕು ಬೆಳಕಿನಲ್ಲಿ ಕೆಳಗಿನಿಂದ ನೋಡುವ ಮೀನಿಗೆ ಆಕಾಶದ ಎದುರು ಕಪ್ಪು ಆಕಾರ ಸ್ಪಷ್ಟ. ಆದರೆ ಅಷ್ಟೇ ಸಾಕಾಗುವುದಿಲ್ಲ. ಮೋಡದ ದಿನವೂ ನೀರು ಗಾಜಿನಂತೆ ತಿಳಿಯಾಗಿರಬಹುದು, ಬಿಸಿಲಿನ ದಿನವೂ ನೀರು ಕೆಸರಾಗಿರಬಹುದು.

ಗ್ಯಾರಂಟಿ ಲೂರ್ ಯಾಕೆ ಇಲ್ಲ?

ನೀರು ಮಾತ್ರ ಅಲ್ಲ, ಮೀನೂ ಒಂದರಂತೆ ಒಂದಿಲ್ಲ.

ಇಲಿನಾಯ್ ರಾಜ್ಯದ ರಿಜ್ ಲೇಕ್ ಎಂಬ ಚಿಕ್ಕ ಸಂಶೋಧನಾ ಸರೋವರದಲ್ಲಿ 1970ರ ದಶಕದಲ್ಲಿ ಒಂದು ದೀರ್ಘ ಪ್ರಯೋಗ ಶುರುವಾಯಿತು. ಗಾಳಕ್ಕೆ ಸಿಕ್ಕ ಪ್ರತಿ ಬ್ಯಾಸ್‌ಗೂ ಗುರುತು ಹಾಕಿ ನೀರಿಗೆ ಬಿಡುತ್ತಿದ್ದರು. ನಾಲ್ಕು ವರ್ಷದ ನಂತರ ಸರೋವರದ ನೀರನ್ನೇ ಖಾಲಿ ಮಾಡಿ ಎಣಿಸಿದಾಗ ಸಿಕ್ಕವು 1,700ಕ್ಕೂ ಹೆಚ್ಚು ಮೀನು. ಅವುಗಳಲ್ಲಿ ಸುಮಾರು 200 ಮೀನು ಒಮ್ಮೆಯೂ ಗಾಳಕ್ಕೆ ಸಿಕ್ಕಿರಲಿಲ್ಲ. ಕೆಲವು ಮತ್ತೆ ಮತ್ತೆ ಸಿಕ್ಕಿದ್ದವು. ಎರಡೂ ಬಗೆಯ ಮೀನುಗಳಿಂದ ಬೇರೆ ಬೇರೆ ಮರಿ ಮಾಡಿಸಿ ಹಲವು ತಲೆಮಾರು ಪರೀಕ್ಷಿಸಿದಾಗ, ಗಾಳಕ್ಕೆ ಬೀಳುವ ಗುಣ ಸ್ವಲ್ಪಮಟ್ಟಿಗೆ ವಂಶಪಾರಂಪರ್ಯ ಎಂದು ಗೊತ್ತಾಯಿತು. ಈ ಅಧ್ಯಯನ 2009ರಲ್ಲಿ ಪ್ರಕಟವಾಯಿತು.

ವಿಶ್ವದಾಖಲೆಯೂ ಇದನ್ನೇ ಹೇಳುತ್ತದೆ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಸುಮಾರು 10.09 ಕೆ.ಜಿ. ಬ್ಯಾಸ್ ಹಿಡಿದದ್ದು ಮರದ ಲೂರ್‌ನಿಂದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ 10.12 ಕೆ.ಜಿ. ಮೀನು ಹಿಡಿದು ದಾಖಲೆ ಸರಿಗಟ್ಟಿದ್ದು ಜೀವಂತ ಚಿಕ್ಕ ಮೀನಿನಿಂದ. ಎರಡು ದೇಶ, ಎರಡು ಬಗೆಯ ನೀರು, ಎರಡು ಬಗೆಯ ಎರೆ.

ಈ ಎರಡು ವಿಷಯದಲ್ಲಿ ಎಚ್ಚರ ಬೇಕು

ಮೊದಲನೆಯದು ಗೂಡು ಕಾಯುವ ಮೀನು. ವಸಂತದಲ್ಲಿ ನೀರು ಸುಮಾರು 15 ಡಿಗ್ರಿ ದಾಟಿದಾಗ ಗಂಡು ಬ್ಯಾಸ್ ದಡದ ಹತ್ತಿರ ಕಡಿಮೆ ಆಳದಲ್ಲಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಮೊಟ್ಟೆಗಳನ್ನೂ ಮರಿಗಳನ್ನೂ ಅದೇ ಕಾಯುತ್ತದೆ. ಆಗ ಅದು ಯಾವ ಲೂರ್ ಹಾಕಿದರೂ ಮೇಲೆ ಬೀಳುತ್ತದೆ. "ನೋಡಿ, ಎಂಥ ಸೂಪರ್ ಲೂರ್!" ಎಂಬ ಎಷ್ಟೋ ವಿಡಿಯೋಗಳ ಗುಟ್ಟು ಇದೇ ಇರಬಹುದು. ಅದು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ ಕಚ್ಚುತ್ತಿರುವುದು. ಅದನ್ನು ಮೇಲೆತ್ತಿ ಫೋಟೋ ತೆಗೆಯುವ ಕೆಲವೇ ನಿಮಿಷದಲ್ಲಿ ಬ್ಲೂಗಿಲ್‌ನಂಥ ಚಿಕ್ಕ ಮೀನುಗಳು ಮೊಟ್ಟೆ ತಿಂದು ಮುಗಿಸಬಲ್ಲವು. ಕೆನಡಾದ ಒಂಟಾರಿಯೊದಂಥ ಕಡೆ ಈ ಕಾಲದಲ್ಲಿ ಬ್ಯಾಸ್ ಹಿಡಿಯಲು ನಿರ್ಬಂಧವೂ ಇದೆ. ನಮ್ಮ ಮುರ್ರೆಲ್ ಕೂಡ ಮರಿ ಕಾಯುವ ಮೀನೇ. ಮರಿಗಳ ಗುಂಪು ಮೇಲೆ ತೇಲುತ್ತಿದ್ದರೆ ಅಲ್ಲಿ ಕಪ್ಪೆ ಲೂರ್ ಎಸೆಯದಿರುವುದೇ ಒಳ್ಳೆಯದು.

ಎರಡನೆಯದು ನೀರಲ್ಲಿ ಉಳಿದುಹೋಗುವ ವಸ್ತು. ಅನೇಕ ಜಿಗ್ ಮತ್ತು ತೂಕಗಳು ಸೀಸದವು. ದಾರ ತುಂಡಾಗಿ ತಳ ಸೇರಿದ ಸಣ್ಣ ಸೀಸದ ಗುಂಡನ್ನು ಲೂನ್ ಎಂಬ ನೀರುಹಕ್ಕಿ ಕಲ್ಲಿನ ಹರಳೆಂದು ನುಂಗಿ ವಿಷವೇರಿ ಸಾಯುತ್ತದೆ. ಇದೇ ಕಾರಣಕ್ಕೆ ನ್ಯೂ ಹ್ಯಾಂಪ್‌ಷೈರ್, ಮೇಯ್ನ್‌ನಂಥ ರಾಜ್ಯಗಳು ಚಿಕ್ಕ ಸೀಸದ ತೂಕಗಳನ್ನು ನಿಷೇಧಿಸಿವೆ. ಟಂಗ್‌ಸ್ಟನ್ ಅಥವಾ ಉಕ್ಕಿನದು ಸಿಗುತ್ತದೆ, ಅದನ್ನೇ ಕೊಳ್ಳಿ. ಹರಿದ ಪ್ಲಾಸ್ಟಿಕ್ ಹುಳುವನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಳ್ಳಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಮೊದಲು ಆಳ. ಬೇಸಿಗೆಯಲ್ಲಿ ಆಳದ ಸರೋವರವಾದರೆ ಥರ್ಮೋಕ್ಲೈನ್ ಮೇಲೆಯೇ ಲೂರ್ ಓಡಿಸಿ.
• ತಿಳಿ ನೀರು: ಚಿಕ್ಕದು, ಸಹಜ ಬಣ್ಣ, ಕಡಿಮೆ ಸದ್ದು, ದೂರದ ಎಸೆತ.
• ಕದಡಿದ ನೀರು: ದೊಡ್ಡದು, ಗಾಢ ಬಣ್ಣ, ಹೆಚ್ಚು ಅಲುಗಾಟ, ನಿಧಾನ ಎಳೆತ.
• ಮೇಲೆ ಎಲೆ ಹರಡಿದ್ದರೆ ಕಪ್ಪೆ ಲೂರ್. ಒಳಗೆ ಕಳೆ, ಮರ ಇದ್ದರೆ ಟೆಕ್ಸಾಸ್ ರಿಗ್.
• ತಣ್ಣನೆ ನೀರು: ನಿಧಾನ, ನಡುನಡುವೆ ನಿಲ್ಲಿಸಿ. ಬೆಚ್ಚನೆ ನೀರು: ವೇಗ.
• ಬಣ್ಣದ ಯೋಚನೆ ಕೊನೆಗೆ.
• ಗೂಡು ಕಾಯುವ ಮೀನನ್ನು ಬಿಟ್ಟುಬಿಡಿ. ಸೀಸ ಬೇಡ.
• ಗಾಳ ಹಾಕುವ ಮುಂಚೆ ಆ ರಾಜ್ಯದ ಲೈಸೆನ್ಸ್ ಮತ್ತು ಋತುವಿನ ನಿಯಮವನ್ನು ಸರ್ಕಾರಿ ವೆಬ್‌ಸೈಟಿನಲ್ಲಿ ನೋಡಿ.

"ಯಾವ ಕೆರೆಯಲ್ಲಾದರೂ ಗ್ಯಾರಂಟಿ" ಎಂಬ ಲೂರ್ ವಿಡಿಯೋ ಮುಂದಿನ ಸಲ ಬಂದರೆ, ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಅಲ್ಲಿನ ನೀರು ಹೇಗಿತ್ತು?"